ಬಿಡುವು ಯಾರದು?

ಕಾಶಿಗೆ ಹೋಗಿಬಂದವರನ್ನು ಯಾರೂ “ಯಾಕೆ ಹೋಗಿದ್ದಿರಿ?” ಎಂದು ಕೇಳುವುದಿಲ್ಲ. ಮದುವೆಗೆ, ತಿಥಿಗೆ, ಕೋರ್ಟು ಕಚೇರಿಯ ಕೆಲಸಕ್ಕೆ ಹೋಗಿಬಂದವರನ್ನೂ ಕೇಳುವುದಿಲ್ಲ. ಆದರೆ ಬರಿದೇ ಸುಖವಾಗಿದ್ದು ಬರೋಣವೆಂದು ಹೊರಟವನು ಮಾತ್ರ ಊರಿಗೆಲ್ಲ ಲೆಕ್ಕ ಒಪ್ಪಿಸಬೇಕಾಗುತ್ತದೆ. ಈಚೆಗೆ ಸೆಮಿಸ್ಟರು ಮುಗಿದ ರಜೆಯಲ್ಲಿ ನಾನೂ ನನ್ನ ಹೆಂಡತಿಯೂ ಮುಂಬೈಯಲ್ಲಿ ಹಡಗು ಹತ್ತಿ, ಗೋವೆಯವರೆಗೆ ಹೋಗಿ, ಮೂರು ರಾತ್ರಿ ಅರಬ್ಬೀ ಸಮುದ್ರದ ಮೇಲೆ ಕಳೆದು ಮಂಡ್ಯಕ್ಕೆ ಹಿಂದಿರುಗಿದೆವು. ಅಂದಿನಿಂದ ನಾನು ಲೆಕ್ಕ ಒಪ್ಪಿಸುತ್ತಲೇ ಇದ್ದೇನೆ. “ಹಡಗಾ? ಅಲ್ಲೇನು ಕೆಲಸವಿತ್ತು ಮೇಷ್ಟ್ರೇ?” ಎಂದು ಒಬ್ಬರು ಕೇಳಿದರು. “ಅಷ್ಟು ದುಡ್ಡಿನಲ್ಲಿ ಕಾಶಿ ಗಯಾ ಎರಡೂ ಆಗಿಹೋಗುತ್ತಿತ್ತಲ್ಲ!” ಎಂದು ಇನ್ನೊಬ್ಬರು ನನ್ನ ಪರವಾಗಿ ತಾವೇ ಮರುಗಿದರು. ಕೆಲಸವೇನೂ ಇರಲಿಲ್ಲ, ಪುಣ್ಯವೂ ಬರಲಿಲ್ಲ. ಹಾಗಾದರೆ ಹೋದದ್ದು ತಪ್ಪೆ? ಈ ಪ್ರಶ್ನೆ ಊರವರು ಕೇಳುವುದಕ್ಕೆ ಮೊದಲೇ ನನ್ನೊಳಗಿತ್ತು. ಹಡಗಿನ ಮೇಲೆ ಅದಕ್ಕೆ ಬೇರೊಂದು ರೂಪ ಬಂತು. ಆ ಕಥೆಯನ್ನು ಹೇಳಿದರೆ ಲೆಕ್ಕ ಒಪ್ಪಿಸಿದಂತೆಯೂ ಆದೀತು.

ಹಡಗಿನ ಯೋಚನೆ ನನ್ನದಲ್ಲ. ನನ್ನ ಹೆಂಡತಿ ಮೂರು ವರ್ಷದಿಂದ ಕಟ್ಟುತ್ತಿದ್ದ ಚೀಟಿಯ ಹಣ ಅವಳ ಕೈಗೆ ಬಂದಿತ್ತು. ಬಳೆಯನ್ನೋ ಸರವನ್ನೋ ಮಾಡಿಸುತ್ತಾಳೆಂದು ನಾನು ತಿಳಿದಿದ್ದೆ. ಅವಳು ಒಂದು ರಾತ್ರಿ, ಊಟವಾದ ಮೇಲೆ, ತಟ್ಟೆಗಳನ್ನು ಎತ್ತುತ್ತ, “ಹಡಗಿನಲ್ಲಿ ಹೋಗಿಬರೋಣವಾ?” ಎಂದಳು. ನಾನು ನಕ್ಕೆ. ಕೊಡಗಿಗೆ ಹೋಗೋಣ, ಬೇಡವಾದರೆ ಮದ್ದೂರಿನ ಹತ್ತಿರವೇ ಇರುವ ಅವಳ ತವರಿನಲ್ಲಿ ನಾಲ್ಕು ದಿನ ಇದ್ದು ಬರೋಣ ಎಂದೆ. ಅವಳು ಕೊಟ್ಟ ಉತ್ತರ ನನಗೆ ಆಗ ಪೂರ್ತಿ ಅರ್ಥವಾಗಲಿಲ್ಲ. “ತವರಿಗೆ ಹೋದರೂ ಅತ್ತಿಗೆಯ ಜೊತೆ ಒಲೆ ಮುಂದೆ ನಿಲ್ಲಬೇಕು. ನೆಂಟರ ಮನೆಗೆ ಹೋದರೂ ಅಷ್ಟೆ. ಎಲ್ಲಿಗೆ ಹೋದರೂ ಫೋನಿನಲ್ಲಿ ‘ಉಪ್ಪಿನಕಾಯಿ ಜಾಡಿ ಎಲ್ಲಿದೆ?’ ಅಂತ ಕೇಳುತ್ತಾರೆ. ನಡುಸಮುದ್ರದಲ್ಲಿ ಫೋನು ಸಿಗುವುದಿಲ್ಲವಂತೆ” ಎಂದಳು.

ನಾನು ಆಕ್ಷೇಪಗಳನ್ನು ಹೂಡಿದೆ. ಕಬ್ಬಿನ ಬಾಕಿಗಾಗಿ ಜನ ಕಾದು ಕುಳಿತಿರುವ ಜಿಲ್ಲೆಯಲ್ಲಿ ಮೇಷ್ಟರೊಬ್ಬ ಹಡಗು ಹತ್ತುವುದು ಚೆನ್ನಾಗಿ ಕಾಣುತ್ತದೆಯೆ? ವಚನಕಾರರ ಕಾಯಕ, ದಾಸೋಹಗಳನ್ನು ತರಗತಿಯಲ್ಲಿ ಪಾಠ ಹೇಳಿ, ರಜೆಯಲ್ಲಿ ಇಂಥ ಭೋಗಕ್ಕೆ ಹೋಗುವುದು ಸರಿಯೆ? ಅವಳು ವಾದಿಸಲಿಲ್ಲ. ಮಳವಳ್ಳಿಗೆ ಕೊಟ್ಟಿರುವ ನನ್ನ ತಂಗಿಗೆ ಫೋನು ಮಾಡಿ, ವಯಸ್ಸಾದ ನನ್ನ ತಾಯಿಯನ್ನೂ ಪರೀಕ್ಷೆಗೆ ಓದುತ್ತಿದ್ದ ಮಗನನ್ನೂ ಒಂದು ವಾರ ನೋಡಿಕೊಳ್ಳಲು ಬರುವಂತೆ ಕೇಳಿದಳು. ತಂಗಿ ಬಂದಳು. ಹೀಗೆ, ಒಬ್ಬಳಿಗೆ ಬಿಡುವು ಬೇಕೆಂದರೆ ಇನ್ನೊಬ್ಬಳು ತನ್ನ ಮನೆಯನ್ನು ಬಿಟ್ಟು ಬರಬೇಕಾಯಿತು. ಈ ಸಣ್ಣ ಸಂಗತಿಯನ್ನು ನಾನು ಆಗ ಗಮನಿಸಲೇ ಇಲ್ಲ.

ಬೆಂಗಳೂರಿನ ರೈಲು ಮದ್ದೂರಿನಲ್ಲಿ ನಿಂತಾಗ ವಡೆ ಕೊಂಡೆವು. ಊರಿನ ರುಚಿ ಅಲ್ಲಿಗೆ ಮುಗಿಯಿತು. ಮರುದಿನ ಮುಂಬೈಯ ಬಂದರಿನಲ್ಲಿ ನಿಂತಿದ್ದ ಆ ಹಡಗನ್ನು ಕಂಡಾಗ ನನಗೆ ಹಡಗೆನ್ನಿಸಲಿಲ್ಲ. ಮಂಡ್ಯದ ಒಂದು ಬೀದಿಯನ್ನು ಎತ್ತಿ, ಮನೆಯ ಮೇಲೆ ಮನೆಯಿಟ್ಟು, ಬಿಳಿಯ ಬಣ್ಣ ಬಳಿದು ನೀರಿಗೆ ಬಿಟ್ಟಂತಿತ್ತು. ಹತ್ತು ಅಂತಸ್ತು, ಲಿಫ್ಟು, ಈಜುಕೊಳ, ನಾಟಕಶಾಲೆ, ಬೆಳಗಿನಿಂದ ನಡುರಾತ್ರಿಯವರೆಗೆ ಒಂದಲ್ಲ ಒಂದು ಕಡೆ ಊಟ. ಹಡಗು ತನಗೆ ಬೇಕಾದ ವಿದ್ಯುತ್ತನ್ನು ತಾನೇ ಉತ್ಪಾದಿಸಿಕೊಳ್ಳುತ್ತದೆ. ಸಮುದ್ರದ ಉಪ್ಪುನೀರನ್ನು ಸಿಹಿನೀರು ಮಾಡಿಕೊಳ್ಳುವ ಯಂತ್ರಗಳೂ ಅದರ ಹೊಟ್ಟೆಯಲ್ಲಿರುತ್ತವೆ. ಆದರೆ ಪ್ರಯಾಣಿಕನಿಗೆ ಇದಾವುದೂ ಕಾಣುವುದಿಲ್ಲ. ಮುತ್ತತ್ತಿಯಲ್ಲಿ ಹರಿಗೋಲು ಹತ್ತಿದರೆ ಅಂಬಿಗನ ಬೆನ್ನಿನ ಬೆವರು ಎದುರಿಗೇ ಕಾಣುತ್ತದೆ. ಅವನ ಉಸಿರು ಕೇಳಿಸುತ್ತದೆ. ನಮ್ಮ ಭಾರ ಅವನ ತೋಳಿಗೆ ಎಷ್ಟೆಂಬುದು ನಮಗೇ ತಿಳಿಯುತ್ತದೆ. ಈ ಹಡಗಿನಲ್ಲಿ ನಮ್ಮನ್ನು ಹೊತ್ತು ನಡೆಸುವವರು ನೀರಿನ ಮಟ್ಟಕ್ಕಿಂತ ಕೆಳಗೆಲ್ಲೋ ಇದ್ದರು. ನಾವು ನೋಡಿದ್ದು ನಗುಮುಖಗಳನ್ನು ಮಾತ್ರ.

ಮೊದಲ ದಿನ ಬೆಳಗಿನ ಜಾವ ಐದಕ್ಕೆ ನನಗೆ ಎಚ್ಚರವಾದಾಗ ನನ್ನ ಹೆಂಡತಿ ಹಾಸಿಗೆಯ ತುದಿಯಲ್ಲಿ ಕುಳಿತಿದ್ದಳು. ಗಡಿಯಾರದ ಹಂಗಿಲ್ಲದೆ ಆ ಹೊತ್ತಿಗೆ ಏಳುವುದು ಅವಳ ದೇಹಕ್ಕೆ ರೂಢಿ. ಎದ್ದ ಮೇಲೆ ಹಾಲು ಕಾಯಿಸಬೇಕು, ಕಸ ಗುಡಿಸಬೇಕು, ನೀರು ಹಿಡಿಯಬೇಕು. ಇಲ್ಲಿ ಹಾಲಿಲ್ಲ, ಕಸವಿಲ್ಲ, ಕೊಡವಿಲ್ಲ. ಎರಡು ಕೈಗಳನ್ನೂ ತೊಡೆಯ ಮೇಲಿಟ್ಟುಕೊಂಡು, ಬೇರೆಯವರ ಸಾಮಾನನ್ನು ಕಾಯುತ್ತಿರುವವಳಂತೆ ಅವುಗಳನ್ನೇ ನೋಡುತ್ತಿದ್ದಳು. ಸ್ವಲ್ಪ ಹೊತ್ತಿನ ಮೇಲೆ ಎದ್ದು ಹಾಸಿಗೆಯ ಹೊದಿಕೆಯನ್ನು ಮಡಿಸತೊಡಗಿದಳು. “ಅದನ್ನು ಮಾಡುವುದಕ್ಕೆ ಜನರಿದ್ದಾರೆ” ಎಂದೆ. “ಗೊತ್ತು” ಎಂದಳು, ಮಡಿಸುವುದನ್ನು ನಿಲ್ಲಿಸಲಿಲ್ಲ.

ಆ ಕೆಲಸಕ್ಕಿದ್ದವನು ಇಪ್ಪತ್ತೈದರ ಆಸುಪಾಸಿನ ಹುಡುಗ. ದಿನಕ್ಕೆ ಎರಡು ಸಲ ಬಂದು ಕೋಣೆಯನ್ನು ಅಣಿಗೊಳಿಸುತ್ತಿದ್ದ. ಟವಲನ್ನು ಹಂಸದಂತೆ ಮಡಿಸಿ ಹಾಸಿಗೆಯ ಮೇಲಿಟ್ಟು ಹೋಗುತ್ತಿದ್ದ. ನಾನು ಅವನನ್ನು ಮಾತಿಗೆಳೆದೆ. ಊರು ಬಿಟ್ಟು ಏಳು ತಿಂಗಳಾಗಿತ್ತಂತೆ. ಮನೆಯಲ್ಲಿ ಕೂಸಿದೆ, ಅದು ನಡೆಯಲು ಕಲಿತದ್ದನ್ನು ಫೋನಿನಲ್ಲಿ ನೋಡಿದನಂತೆ. ನಾವು ಬೆಳಗ್ಗೆ ಇಳಿದುಹೋದರೆ ಅದೇ ದಿನ ಮಧ್ಯಾಹ್ನ ಬೇರೆ ಜನ ಹತ್ತುತ್ತಾರೆ. ಅಷ್ಟರೊಳಗೆ ಅವನ ಪಾಲಿನ ಕೋಣೆಗಳೆಲ್ಲ ಹೊಸದರಂತಾಗಬೇಕು. “ನಿನಗೆ ರಜೆ ಯಾವಾಗಪ್ಪ?” ಎಂದು ಕೇಳಿದೆ. “ಇನ್ನು ಎರಡು ತಿಂಗಳು ಸಾರ್” ಎಂದು ನಕ್ಕ. ನನಗೆ ಕಣ್ಣು ತೇವವಾಯಿತು. ಕೈಗೆ ಸಿಕ್ಕ ನೋಟನ್ನು ಅವನಿಗೆ ಕೊಟ್ಟೆ.

ಆ ಸಂಜೆ ಮೇಲಿನ ಡೆಕ್ಕಿನಲ್ಲಿ ಕುಳಿತು ನಾನು ಹೆಂಡತಿಗೆ ಒಂದು ಸಣ್ಣ ಉಪನ್ಯಾಸವನ್ನೇ ಕೊಟ್ಟೆನೆಂದು ಕಾಣುತ್ತದೆ. ಲೋಕದಲ್ಲಿ ಸುಖ ಒಂದು ಕಡೆ ಕಾಣಿಸಿಕೊಂಡರೆ ಅದರ ದುಡಿಮೆ ಇನ್ನೊಂದು ಕಡೆ ಅಡಗಿರುತ್ತದೆ. ನಮ್ಮ ಮಳವಳ್ಳಿ ತಾಲ್ಲೂಕನ್ನೇ ನೋಡು. ಶಿವನಸಮುದ್ರದಲ್ಲಿ ಧುಮುಕಿದ ಕಾವೇರಿ 1902ರಲ್ಲಿ ವಿದ್ಯುತ್ತಾಗಿ ತೊಂಬತ್ತು ಮೈಲಿಗೂ ಹೆಚ್ಚು ದೂರದ ಕೋಲಾರದ ಚಿನ್ನದ ಗಣಿಗೆ ಹೋಯಿತು. 1905ರಲ್ಲಿ ಬೆಂಗಳೂರಿನ ಬೀದಿಯ ದೀಪವಾಯಿತು. ತೊರೆಕಾಡನಹಳ್ಳಿಯಲ್ಲಿ ಶುದ್ಧಿಮಾಡಿದ ಅದೇ ಹೊಳೆಯ ನೀರನ್ನು ಹಾರೋಹಳ್ಳಿ, ತಾತಗುಣಿಗಳಲ್ಲಿ ಮತ್ತೆ ಮತ್ತೆ ಮೇಲೆತ್ತಿ, ಸುಮಾರು 100 ಕಿಲೋಮೀಟರು ದೂರ, 500 ಮೀಟರು ಎತ್ತರಕ್ಕೆ ಒಯ್ಯುತ್ತಾರೆ. ಬೆಂಗಳೂರಿನಲ್ಲಿ ನಲ್ಲಿ ತಿರುಗಿಸುವವನು ತೊರೆಕಾಡನಹಳ್ಳಿಯನ್ನು ನೆನೆಯುತ್ತಾನೆಯೆ? ಹಾಗೆಯೇ ಈ ಹಂಸದ ಟವಲು ಬಿಡಿಸುವವನು ಆ ಹುಡುಗನ ಏಳು ತಿಂಗಳನ್ನು ನೆನೆಯುತ್ತಾನೆಯೆ? ಇಂಥ ಸುಖವನ್ನು ಅನುಭವಿಸಲು ನನ್ನ ಮನಸ್ಸು ಒಪ್ಪದು ಎಂದೆ. ಮಾತು ಚೆನ್ನಾಗಿಯೇ ಬಂದಿತ್ತು. ತರಗತಿಯಾಗಿದ್ದರೆ ಹುಡುಗರು ಬರೆದುಕೊಳ್ಳುತ್ತಿದ್ದರು.

ಅವಳು ಸಮುದ್ರವನ್ನು ನೋಡುತ್ತಿದ್ದಳು. ಸ್ವಲ್ಪ ಹೊತ್ತು ಸುಮ್ಮನಿದ್ದು, ಸಿಟ್ಟಿಲ್ಲದ ದನಿಯಲ್ಲಿ ಹೇಳಿದಳು: “ಆ ಹುಡುಗನನ್ನ ‘ರಜೆ ಯಾವಾಗ’ ಅಂತ ಕೇಳಿದಿರಿ, ಒಳ್ಳೇದು. ಅವನು ಎರಡು ತಿಂಗಳು ಅಂತ ಲೆಕ್ಕ ಹೇಳಿದ. ಇಪ್ಪತ್ತೊಂದು ವರ್ಷದಲ್ಲಿ ನನ್ನನ್ನ ಒಂದು ಸಲ ಕೇಳಿದ್ದರೆ ನಾನು ಏನು ಲೆಕ್ಕ ಹೇಳಬೇಕಾಗಿತ್ತು?”

ನಾನು ಮಾತಾಡಲಿಲ್ಲ. ಅವಳೇ ಮುಂದುವರಿಸಿದಳು: “ನಿಮಗೆ ಇಲ್ಲಿ ಸುಖ ಒಗ್ಗದಿದ್ದರೆ ಬೇಡ. ನನಗೆ ಒಗ್ಗುತ್ತಾ ಇದೆ. ಅದನ್ನ ತಪ್ಪು ಅಂತ ಮಾತ್ರ ಮಾಡಬೇಡಿ.”

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಅವಳ ಮಾತನ್ನು ಖಂಡಿಸುವ ಯುಕ್ತಿಗಳು ಮನಸ್ಸಿಗೆ ಬಾರದೆ ಇರಲಿಲ್ಲ. ಸಂಸಾರದ ದುಡಿಮೆಗೂ ಸಂಬಳದ ದುಡಿಮೆಗೂ ಹೋಲಿಕೆಯೆ? ಒಂದು ಪ್ರೀತಿಯಿಂದ ಬಂದದ್ದು, ಇನ್ನೊಂದು ಹಣಕ್ಕಾಗಿ ಮಾಡಿದ್ದು. ಪ್ರೀತಿಯನ್ನು ಗಡಿಯಾರ ಹಿಡಿದು ಅಳೆಯಬಹುದೆ? ಆದರೆ ಈ ಯುಕ್ತಿಯನ್ನು ಸ್ವಲ್ಪ ತಿರುಗಿಸಿ ನೋಡಿದಾಗ ಅದರ ಬಣ್ಣ ಬಯಲಾಯಿತು. ಪ್ರೀತಿಯಿಂದ ಮಾಡಿದ ಕೆಲಸವೂ ಸೊಂಟವನ್ನು ನೋಯಿಸುತ್ತದೆ. ‘ಅದು ಪ್ರೀತಿಯ ಕೆಲಸ’ ಎಂದು ಹೇಳುವವನು ಸಾಮಾನ್ಯವಾಗಿ ತಟ್ಟೆಯ ಮುಂದೆ ಕುಳಿತವನೇ ಹೊರತು ಒಲೆಯ ಮುಂದೆ ನಿಂತವಳಲ್ಲ.

ಊರಿಗೆ ಬಂದ ಮೇಲೆ ಆ ಹುಡುಗನಂಥವರ ಪಾಡಿಗೆ ಕಾನೂನು ಏನಾದರೂ ಇದೆಯೆ ಎಂದು ಹುಡುಕಿ ಓದಿದೆ. ಇದೆ. ನಾವಿಕರ ದುಡಿಮೆಯನ್ನು ಕುರಿತು 2006ರಲ್ಲಿ ಅಂತರರಾಷ್ಟ್ರೀಯ ಒಡಂಬಡಿಕೆಯೊಂದು ಆಯಿತು. 2013ರಲ್ಲಿ ಜಾರಿಗೆ ಬಂತು. ಭಾರತ 2015ರಲ್ಲಿ ಅದನ್ನು ಅಂಗೀಕರಿಸಿತು. ವಿಶ್ರಾಂತಿಯ ಗಂಟೆಗಳಿಗೆ ಅದರಲ್ಲಿ ಹಾಕಿರುವ ಲೆಕ್ಕ ಹೀಗಿದೆ: ಹಡಗಿನಲ್ಲಿ ದುಡಿಯುವವನಿಗೆ ದಿನಕ್ಕೆ 10 ಗಂಟೆಗೆ ಕಡಮೆಯಿಲ್ಲದೆ, ವಾರಕ್ಕೆ 77 ಗಂಟೆಗೆ ಕಡಮೆಯಿಲ್ಲದೆ ವಿಶ್ರಾಂತಿ ಇರಬೇಕು, ದಿನದ ವಿಶ್ರಾಂತಿಯನ್ನು ಎರಡಕ್ಕಿಂತ ಹೆಚ್ಚು ತುಂಡು ಮಾಡಕೂಡದು, ಅದರಲ್ಲಿ ಒಂದು ತುಂಡು ಆರು ಗಂಟೆಗೆ ಕಡಮೆಯಾಗಕೂಡದು, ದುಡಿದ ಪ್ರತಿ ತಿಂಗಳಿಗೆ ಕನಿಷ್ಠ ಎರಡೂವರೆ ದಿನ ಸಂಬಳಸಹಿತ ರಜೆ ಸಲ್ಲಬೇಕು. ಇದನ್ನು ಓದುವಾಗ ಮೊದಲು ಸಮಾಧಾನವಾಯಿತು, ಆಮೇಲೆ ನಾಚಿಕೆಯಾಯಿತು. ನನ್ನ ಮನೆಯಲ್ಲಿ ಈ ಕಾನೂನು ಜಾರಿಯಾಗಿದ್ದರೆ ನಾನು ಎಂದೋ ದಂಡ ಕಟ್ಟಬೇಕಾಗಿತ್ತು. ಮಗ ಚಿಕ್ಕವನಾಗಿದ್ದಾಗ, ಆಮೇಲೆ ತಾಯಿ ಕಾಲು ಮುರಿದುಕೊಂಡು ಮಲಗಿದ್ದಾಗ, ಆರು ಗಂಟೆಯ ಒಂದೇ ತುಂಡು ನಿದ್ದೆ ಅವಳಿಗೆ ಎಷ್ಟು ರಾತ್ರಿ ಸಿಕ್ಕಿತು? ನನಗೆ ಮಾತ್ರ ಸಿಕ್ಕಿತ್ತು. ಬೆಳಗ್ಗೆ ಕಾಲೇಜಿಗೆ ಹೋಗಬೇಕಾಗಿತ್ತಲ್ಲ!

ಇದು ನನ್ನೊಬ್ಬನ ಮನೆಯ ಮಾತೂ ಅಲ್ಲ. ಕೇಂದ್ರ ಸರಕಾರ 2024ರಲ್ಲಿ ನಡೆಸಿದ ಕಾಲಬಳಕೆಯ ಸಮೀಕ್ಷೆಯ ಪ್ರಕಾರ, ಮನೆಯವರಿಗಾಗಿ ಸಂಬಳವಿಲ್ಲದೆ ಮನೆಗೆಲಸ ಮಾಡುವ ಹೆಂಗಸರು ಅದರಲ್ಲಿ ದಿನಕ್ಕೆ ಸರಾಸರಿ 289 ನಿಮಿಷ ಕಳೆಯುತ್ತಾರೆ. ಆ ಕೆಲಸಕ್ಕೆ ಕೈಹಾಕುವ ಗಂಡಸರು 88 ನಿಮಿಷ. ಕೈಹಾಕದ ಗಂಡಸರೇ ಹೆಚ್ಚೆಂಬುದನ್ನೂ ಆ ಸಮೀಕ್ಷೆಯೇ ಹೇಳುತ್ತದೆ. ನಾನು ಯಾವ ಪಂಗಡದವನೆಂದು ಓದುಗರು ಈಗಾಗಲೇ ಊಹಿಸಿರಬಹುದು.

ಬಿಡುವೆಂಬುದು ಸಣ್ಣ ವಸ್ತುವಲ್ಲ. ನಾವು ದುಡಿಯುವುದೇ ಬಿಡುವಿಗಾಗಿ ಎಂದು ಗ್ರೀಸಿನ ಅರಿಸ್ಟಾಟಲ್ ಬಹು ಹಿಂದೆಯೇ ಹೇಳಿದ. ಅವನ ದೃಷ್ಟಿಯಲ್ಲಿ ಬಿಡುವು ಸೋಮಾರಿತನವಲ್ಲ. ಮನುಷ್ಯ ತನ್ನ ಅತ್ಯುತ್ತಮ ಶಕ್ತಿಯನ್ನು ಕಂಡುಕೊಳ್ಳುವ ಹೊತ್ತು. ಆದರೆ ಅವನ ಊರಿನಲ್ಲಿ ಆ ಬಿಡುವು ನಾಗರಿಕನೆನ್ನಿಸಿಕೊಂಡ ಗಂಡಸಿನದು. ಅವನು ತತ್ತ್ವ ಚರ್ಚಿಸುತ್ತಿದ್ದ ಹೊತ್ತಿನಲ್ಲಿ ನೀರು ಹೊರುತ್ತಿದ್ದವರು ದಾಸರೂ ಹೆಂಗಸರೂ. ಮಗ್ಗದ ಲಾಳಿ ತಾನೇ ತಾನಾಗಿ ನೇಯುವಂತಿದ್ದರೆ ಯಜಮಾನನಿಗೆ ದಾಸರು ಬೇಕಾಗುತ್ತಿರಲಿಲ್ಲವೆಂದು ಅರಿಸ್ಟಾಟಲನೇ ಒಂದು ಕಡೆ ಹೇಳಿದ್ದಾನೆ. ಲಾಳಿ ಈಗ ತಾನಾಗಿಯೇ ನೇಯುತ್ತದೆ. ಹಿಟ್ಟು ರುಬ್ಬುವುದಕ್ಕೆ, ಬಟ್ಟೆ ಒಗೆಯುವುದಕ್ಕೆ ನಮ್ಮ ಮನೆಯಲ್ಲಿಯೂ ಯಂತ್ರ ಬಂದಿದೆ. ಆದರೂ ಬಿಡುವು ಸಮನಾಗಿ ಹಂಚಿಹೋಗಲಿಲ್ಲ. ಏಕೆಂದರೆ ಕೊರತೆಯಾಗಿದ್ದುದು ಯಂತ್ರವಲ್ಲ, ಹಂಚಬೇಕೆಂಬ ಮನಸ್ಸು. ವಿಶ್ವಸಂಸ್ಥೆ 1948ರಲ್ಲಿ ಸಾರಿದ ಮಾನವ ಹಕ್ಕುಗಳ ಘೋಷಣೆಯ 24ನೆಯ ವಿಧಿ ವಿಶ್ರಾಂತಿಯನ್ನೂ ಬಿಡುವನ್ನೂ ಪ್ರತಿಯೊಬ್ಬರ ಹಕ್ಕೆಂದು ಎಣಿಸಿದೆ. ಪ್ರತಿಯೊಬ್ಬರು ಎಂಬಲ್ಲಿ ನಮ್ಮ ಅಡಿಗೆಮನೆಯೂ ಸೇರುತ್ತದೆಂದು ಓದಿಕೊಳ್ಳುವುದು ನಮಗೆ ಇನ್ನೂ ರೂಢಿಯಾಗಿಲ್ಲ.

ಹಾಗಾದರೆ ಹಡಗಿನ ಹುಡುಗನ ಬಗೆಗೆ ನನಗಾದ ಮರುಕ ಸುಳ್ಳೆ? ಸುಳ್ಳಲ್ಲ, ಆದರೆ ಅಗ್ಗದ್ದು. ಅವನಿಗೆ ಒಂದು ನೋಟು ಕೊಟ್ಟು ನಾನು ಒಳ್ಳೆಯವನಾಗಿಬಿಟ್ಟೆ; ಮರುದಿನ ಅವನಿಗಾಗಿ ನನ್ನ ದಿನಚರಿಯಲ್ಲಿ ಏನನ್ನೂ ಬದಲಿಸಬೇಕಾಗಿರಲಿಲ್ಲ. ದೂರದವರ ಕಷ್ಟಕ್ಕೆ ಮರುಗುವುದರಲ್ಲಿ ಈ ಅನುಕೂಲವಿದೆ. ಹತ್ತಿರದವರ ದುಡಿಮೆಯನ್ನು ಕಂಡರೆ ಕಣ್ಣೀರಿನಿಂದ ಸಾಲ ತೀರುವುದಿಲ್ಲ. ಎದ್ದು ಪಾತ್ರೆ ತೊಳೆಯಬೇಕಾಗುತ್ತದೆ. ಇನ್ನು, ಸೇವೆ ಪಡೆಯುವುದೇ ಪಾಪವೆಂದು ನಾನು ಹಡಗನ್ನೇ ಹತ್ತದಿದ್ದರೆ ಆ ಹುಡುಗನಿಗೆ ರಜೆ ಸಿಗುತ್ತಿರಲಿಲ್ಲ; ಸಂಬಳ ಹೋಗುತ್ತಿತ್ತು, ಅಷ್ಟೆ. ಎಲ್ಲರೂ ದಂಡೆಯಲ್ಲೇ ನಿಂತು ಮರುಗಿದರೆ ಮುತ್ತತ್ತಿಯ ಅಂಬಿಗನ ಮನೆಯಲ್ಲಿ ಒಲೆ ಉರಿಯುವುದಿಲ್ಲ. ಬಿಡುವನ್ನು ತ್ಯಜಿಸುವುದರಿಂದ ನ್ಯಾಯ ಬರುವುದಿಲ್ಲ. ಹಾಗಾದರೆ ಎಲ್ಲಿಂದ ಬರುತ್ತದೆ?

ಮೂರನೆಯ ದಿನ ಬೆಳಗ್ಗೆ ಎಂಟು ಗಂಟೆಯಾದರೂ ನನ್ನ ಹೆಂಡತಿ ಏಳಲಿಲ್ಲ. ಕಿಟಕಿಯಿಂದ ಬಿಸಿಲು ಬಂದು ಅವಳ ಮುಖದ ಮೇಲೆ ಬಿದ್ದಿತ್ತು. ಜ್ವರ ಬಂದ ದಿನಗಳನ್ನು ಬಿಟ್ಟರೆ, ಹಗಲಿನ ಬೆಳಕಿನಲ್ಲಿ ಅವಳು ಮಲಗಿರುವುದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ಮುಂಗುರುಳು ಇಷ್ಟು ನೆರೆತಿದೆಯೆಂಬುದು ನನಗೆ ತಿಳಿದಿರಲಿಲ್ಲ. ಕೈಗಳು ಹೊದಿಕೆಯ ಮೇಲೆ ಅಂಗೈ ಮೇಲಾಗಿ ಬಿದ್ದಿದ್ದವು. ಹುಡುಗ ಕದ ತಟ್ಟಿದ; ನಾನು ಬಾಗಿಲಲ್ಲೇ ನಿಂತು, ಆಮೇಲೆ ಬಾರಪ್ಪ ಎಂದು ಸನ್ನೆ ಮಾಡಿದೆ. ಅವನು ಒಳಗೆ ಇಣುಕದೆಯೇ ಅರ್ಥಮಾಡಿಕೊಂಡು ಹೋದ. ಊರವರು ಕೇಳುವ ‘ಅಲ್ಲೇನು ಕೆಲಸವಿತ್ತು?’ ಎಂಬ ಪ್ರಶ್ನೆಗೆ ನನ್ನಲ್ಲಿರುವ ಉತ್ತರ ಇಷ್ಟೇ.

ಮಂಡ್ಯಕ್ಕೆ ಬಂದಾಗ ತಂಗಿ ಬಾಗಿಲು ತೆರೆದಳು. ಬಿಸಿ ಮುದ್ದೆ, ಬಸ್ಸಾರು ಸಿದ್ಧವಾಗಿತ್ತು. ಅವಳ ಕಣ್ಣಿನ ಕೆಳಗೆ ಕಪ್ಪಾಗಿತ್ತು. ಒಂದು ವಾರ ನನ್ನ ತಾಯಿಯ ಜೊತೆ ರಾತ್ರಿ ಎದ್ದವಳು ಅವಳೇ. ನಾವು ತಂದ ಗೋವೆಯ ಗೋಡಂಬಿಯನ್ನು ಕೈಯಲ್ಲಿ ಹಿಡಿದುಕೊಂಡು, “ಚೆನ್ನಾಗಿತ್ತಾ ಅತ್ತಿಗೆ?” ಎಂದಳು. ನನ್ನ ಹೆಂಡತಿ ಅವಳ ಕೈಯಿಂದ ಸೌಟನ್ನು ತೆಗೆದುಕೊಂಡು, “ಚೆನ್ನಾಗಿತ್ತು. ಮುಂದಿನ ಸರದಿ ನಿನ್ನದು. ಆಗ ನಾವಿಬ್ಬರೂ ಮಳವಳ್ಳಿಗೆ ಬರುತ್ತೇವೆ. ನಿಮ್ಮಣ್ಣ ಅಡಿಗೆ ಮಾಡುತ್ತಾರೆ” ಎಂದಳು. ತಂಗಿ ಬಿದ್ದು ಬಿದ್ದು ನಕ್ಕಳು. ನನ್ನ ತಾಯಿಯೂ ನಕ್ಕರು. ನಾನು ನಗಲಿಲ್ಲ, ನನಗೆ ಆ ‘ಸರದಿ’ ಎಂಬ ಮಾತು ಹಿಡಿದಿತ್ತು.

ಈ ಸೀಮೆಯವರಿಗೆ ಸರದಿಯೆಂದರೇನೆಂದು ಬಿಡಿಸಿ ಹೇಳಬೇಕಾಗಿಲ್ಲ. ಕನ್ನಂಬಾಡಿಯಿಂದ ಹೊರಟ ವಿಶ್ವೇಶ್ವರಯ್ಯ ನಾಲೆ ಹುಲಿಕೆರೆಯ ಸುರಂಗವನ್ನು ಹಾದು ಮಂಡ್ಯದ ಬಯಲಿಗೆ ಬರುತ್ತದೆ. ಮದ್ದೂರು, ಮಳವಳ್ಳಿಗಳ ಕಡೆಯ ಎಷ್ಟೋ ಗದ್ದೆಗಳು ಅದರ ಕೊನೆಭಾಗದಲ್ಲಿವೆ. ಮೇಲಿನವರು ತೂಬನ್ನು ತೆರೆದೇ ಇಟ್ಟುಕೊಂಡರೆ ಕೊನೆಯವರಿಗೆ ನೀರು ಮುಟ್ಟುವುದಿಲ್ಲ. ಅದಕ್ಕಾಗಿಯೇ ನೀರು ಕಡಮೆಯಾದಾಗ ಕಟ್ಟು ಪದ್ಧತಿ: ಇಷ್ಟು ದಿನ ಹರಿಸುವುದು, ಇಷ್ಟು ದಿನ ನಿಲ್ಲಿಸುವುದು. ನನ್ನ ತಂಗಿಯ ಗಂಡನ ಜಮೀನು ಅಂಥ ಕೊನೆಯಲ್ಲಿದೆ. ನೀರು ಬರುವ ರಾತ್ರಿ ಅವರು ಬ್ಯಾಟರಿ ಹಿಡಿದು ಬದುವಿನ ಮೇಲೆ ಕಾಯುತ್ತಾರೆ. ಅವರ ಮಾತು ಒಂದಿದೆ: ಮೇಲಿನವನು ಕೆಟ್ಟವನೇ ಆಗಬೇಕಾಗಿಲ್ಲ ಬಾವ, ಅವನು ನಿದ್ದೆಹೋದರೂ ಸಾಕು, ನಮ್ಮ ಪೈರು ಒಣಗುತ್ತೆ.

ಮನೆಯೆಂಬ ನಾಲೆಯಲ್ಲಿ ಮೇಲಿನ ತೂಬು ನನ್ನದಾಗಿತ್ತು. ನಾನು ಕೆಟ್ಟವನಾಗಿರಲಿಲ್ಲ, ನಿದ್ದೆಹೋಗಿದ್ದೆ. ಬಿಡುವೆಲ್ಲ ನನ್ನ ಪುಸ್ತಕ, ನನ್ನ ಗೆಳೆಯರು, ನನ್ನ ಮಧ್ಯಾಹ್ನದ ನಿದ್ದೆಗಳಲ್ಲಿ ಹಿಂಗಿ, ಕೊನೆಭಾಗಕ್ಕೆ ಮುಟ್ಟಲಿಲ್ಲ. ಹಡಗಿನ ಹುಡುಗನ ತೂಬು ನನ್ನ ಕೈಗೆ ಎಟಕುವುದಿಲ್ಲ. ಅಲ್ಲಿ ಕಾನೂನೂ ಅದನ್ನು ಕಾಯುವವರೂ ಬೇಕು. ನನ್ನ ಮನೆಯದು ನನ್ನ ಕೈಯಲ್ಲೇ ಇದೆ. ಭಾನುವಾರ ಬೆಳಗಿನ ಅಡಿಗೆಮನೆಯನ್ನು ಈಗ ನಾನು ವಹಿಸಿಕೊಂಡಿದ್ದೇನೆ. ತಾಯಿಯ ರಾತ್ರಿಯ ಔಷಧವನ್ನೂ. ಇದನ್ನು ದೊಡ್ಡ ಸಂಗತಿಯೆಂದು ಹೇಳುತ್ತಿಲ್ಲ. ಎರಡು ಭಾನುವಾರ ಮರೆತು ಮಲಗಿಬಿಟ್ಟೆ. ಎದ್ದಾಗ ಕಾಫಿ ಮೇಜಿನ ಮೇಲಿತ್ತು. ಇಪ್ಪತ್ತೊಂದು ವರ್ಷದ ರೂಢಿ ಮೂರು ರಾತ್ರಿಯ ಪ್ರಯಾಣದಿಂದ ಬಿಟ್ಟುಹೋಗುವುದಿಲ್ಲ. ಮಳವಳ್ಳಿಯ ಸರದಿ ಬೇಸಿಗೆಯ ರಜೆಗೆ ನಿಗದಿಯಾಗಿದೆ. ತಂಗಿ ಎಲ್ಲಿಗೆ ಹೋಗಬೇಕೆಂದು ಇನ್ನೂ ನಿಶ್ಚಯಿಸಿಲ್ಲ. ಫೋನು ಸಿಗದ ಜಾಗ ಯಾವುದೆಂದು ಅತ್ತಿಗೆಯನ್ನು ಕೇಳುತ್ತಿದ್ದಾಳೆ. ನಾನು ಮುದ್ದೆ ಕಟ್ಟುವುದನ್ನು ಕಲಿಯುತ್ತಿದ್ದೇನೆ. ಗಂಟು ಇನ್ನೂ ಉಳಿಯುತ್ತದೆ.

ಒಂದು ಮಾತನ್ನು ಮಾತ್ರ ನನ್ನ ಹೆಂಡತಿ ಒಪ್ಪುವುದಿಲ್ಲ. ಒಂದು ಭಾನುವಾರ ಕಾಫಿ ಕೊಡುತ್ತ, “ನಿನಗೆ ಸ್ವಲ್ಪ ಬಿಡುವು ಕೊಡೋಣ ಅಂತ” ಎಂದೆ. ಲೋಟ ತೆಗೆದುಕೊಳ್ಳುತ್ತ ಅವಳು, “ಕೊಡೋದೇನು ಬಂತು?” ಎಂದಳು. ಸರಿಯೇ. ಮೇಲಿನ ಗದ್ದೆಯವನು ತನ್ನ ದಿನ ಮುಗಿದಾಗ ತೂಬು ಮುಚ್ಚಿದರೆ ಕೆಳಗಿನವನು ಅದನ್ನು ದಾನವೆಂದು ಎಣಿಸುವುದಿಲ್ಲ. ಅದು ಅವನಿಗೆ ಬರಬೇಕಾಗಿದ್ದ ನೀರು.